ಕಾದಿದ್ದಕ್ಕೊಂದು ಚೀಟಿ

ಸೆಪ್ಟೆಂಬರ್ 2, ಸೋಮವಾರ

ಇಂದಿನಿಂದ ನಮ್ಮ ಶಾಲೆಯಲ್ಲಿ ಒಳ್ಳೆಯತನಕ್ಕೆ ಚೀಟಿ ಸಿಗುತ್ತದೆ. ಬಸ್ ಟಿಕೆಟ್ಟಿಗಿಂತ ಚೂರು ಅಗಲದ ಹಳದಿ ಚೀಟಿ. ಮೇಲೆ ದಪ್ಪ ಅಕ್ಷರದಲ್ಲಿ ‘ಬೇಷ್!’ ಎಂದು ಅಚ್ಚಾಗಿದೆ. ಕೆಳಗೆ ‘ಕಾರಣ’, ಅದರ ಮುಂದೆ ಚುಕ್ಕಿಗಳ ಸಾಲು. ಕಸ ಎತ್ತಿ ಬುಟ್ಟಿಗೆ ಹಾಕಿದರೆ ಒಂದು, ಸಾಲಿನಲ್ಲಿ ನೆಟ್ಟಗೆ ನಿಂತರೆ ಒಂದು, ‘ದಯವಿಟ್ಟು’ ಎಂದರೆ ಒಂದು. ಐವತ್ತು ಕೂಡಿಸಿದ ಮಗುವಿನ ಫೋಟೋ ಕಾರಿಡಾರಿನ ಗೋಡೆ ಏರುತ್ತದೆ, ‘ತಿಂಗಳ ತಾರೆ’ ಎಂಬ ಚೌಕಟ್ಟಿನೊಳಗೆ.

ಸ್ಟಾಫ್ ರೂಮಿನಲ್ಲಿ ಕಟ್ಟುಗಳನ್ನು ಹಂಚುವಾಗ ಹೆಡ್ ಮೇಡಂ ಮುಖ ನೋಡಬೇಕಿತ್ತು. ಎರಡು ದಿನದ ಯಾವುದೋ ತರಬೇತಿಗೆ ಹೋಗಿದ್ದರು. ಹೋಗುವಾಗ ಮನುಷ್ಯರ ಹಾಗೆ ಮಾತಾಡುತ್ತಿದ್ದವರು ಕರಪತ್ರದ ಹಾಗೆ ಮಾತಾಡುತ್ತಾ ವಾಪಸಾದರು.

“ತಪ್ಪು ಹಿಡಿಯೋದು ಹಳೇ ಕಾಲ ಆಯ್ತು. ಇನ್ಮೇಲೆ ಮಕ್ಕಳು ಒಳ್ಳೇದು ಮಾಡ್ತಿರೋವಾಗ್ಲೇ ಹಿಡೀಬೇಕು!”

ಜೇಬುಗಳ್ಳರನ್ನು ಹಿಡಿದ ಹಾಗೆ.

“ಇದು ಬೇಷ್ ಅಲ್ಲ, ಭೇಷ್,” ಎಂದೆ. “ಹೊಟ್ಟೆ ಸೀಳಿಲ್ಲ.”

“ಯಾರ ಹೊಟ್ಟೆ?”

“ಅಕ್ಷರದ್ದು. ಬ ಅಲ್ಲ, ಭ.”

“ಅಯ್ಯೋ, ಹತ್ತು ಸಾವಿರ ಅಚ್ಚಾಗಿದೆ, ಬಿಡಿ ಮೇಡಂ. ಬಾವನೆ ಮುಖ್ಯ.”

ಭಾವನೆಯ ಹೊಟ್ಟೆಯನ್ನೂ ಅವರು ಸೀಳಲಿಲ್ಲ.

ಲೆಕ್ಕದ ಮೇಷ್ಟ್ರು ತಮ್ಮ ಕಟ್ಟನ್ನು ಅಂಗಿ ಜೇಬಿಗೆ ತುರುಕಿಕೊಂಡು ಚಹಾ ಕುಡಿದರು. ನಾಳೆಯಿಂದ ಚೀಟಿಯ ಬದಲು ಬಾರುಕೋಲು ಕೊಟ್ಟರೂ ಆ ಮನುಷ್ಯ ಜೇಬಿಗೇ ತುರುಕಿಕೊಳ್ಳುತ್ತಾರೆ.

ಸೆಪ್ಟೆಂಬರ್ 4, ಬುಧವಾರ

ನನ್ನ ಖಾನೆಯಲ್ಲಿ ಇನ್ನೊಂದು ಕಾಗದ ಇತ್ತು. ಮೌಖಿಕ ಪರೀಕ್ಷೆಯಿಂದ ವಿನಾಯಿತಿ ಕೋರುವ ಅರ್ಜಿ. ಏಳನೇ ತರಗತಿಯ ಕಿಟಕಿ ಪಕ್ಕದ ಹುಡುಗಿಯದು. ಹೆಡ್ ಮೇಡಂ ತಾವೇ ತುಂಬಿಟ್ಟಿದ್ದಾರೆ, ಅವಳ ತಾಯಿಯ ಸಹಿ, ನನ್ನ ಸಹಿ ಮಾತ್ರ ಬಾಕಿ.

ಹುಡುಗಿ ಉಗ್ಗುತ್ತಾಳೆ. ‘ಕ’, ‘ಪ’, ‘ತ’ಗಳಿಂದ ಶುರುವಾಗುವ ಪದ ಬಂತೆಂದರೆ ಒಳಗಿಂದ ಯಾರೋ ಅಗುಳಿ ಹಾಕಿದಂತಾಗುತ್ತದೆ. ಮಕ್ಕಳು ಅವಳಿಗಿಟ್ಟ ಹೆಸರು ‘ಬಫರಿಂಗ್’. ಈ ಅರ್ಜಿಗೆ ಸಹಿ ಬಿತ್ತೆಂದರೆ ಮುಂದೆ ಯಾವ ತರಗತಿಯಲ್ಲೂ ಅವಳನ್ನು ಯಾರೂ ಓದು ಎಂದು ಎಬ್ಬಿಸುವುದಿಲ್ಲ. ಹೈಸ್ಕೂಲಿಗೂ ಕಾಗದ ಅವಳ ಬೆನ್ನಿಗೇ ಹೋಗುತ್ತದೆ.

“ಪಾಪ, ಯಾಕೆ ಹಿಂಸೆ ಕೊಡೋದು,” ಎಂದರು ಹೆಡ್ ಮೇಡಂ. ಪಾಪ ಎಂಬ ಎರಡಕ್ಷರದಲ್ಲಿ ಇವರು ಈವರೆಗೆ ಎಷ್ಟು ಮಕ್ಕಳನ್ನು ಮುಗಿಸಿದ್ದಾರೋ.

ಸಂಜೆ ತಾಯಿ ಬಂದರು. ಹೊಲಿಗೆ ಕೆಲಸದವರು. ಅಳತೆಯ ಟೇಪು ಕತ್ತಿನಲ್ಲೇ ಇತ್ತು, ತೆಗೆಯಲು ಮರೆತಿದ್ದರು.

“ಮನೇಲಿ ಅವಳ ಬಾಯಿಗೆ ಬ್ರೇಕೇ ಇಲ್ಲ ಮಿಸ್. ನಾನು ಮೆಷಿನ್ ತುಳೀತಿರ್ತೀನಿ, ಇವಳು ಗುಂಡಿ ಹೊಲೀತಾ ವಟವಟ ಅಂತಾನೇ ಇರ್ತಾಳೆ. ಅಲ್ಲೂ ತಡೆಯುತ್ತೆ, ಆದ್ರೆ ನಿಲ್ಲಿಸಲ್ಲ. ಇಲ್ಲಿ ಬಂದ್ರೆ ಯಾಕೆ ಹೀಗೆ?”

“ಅವಳೇನಂತಾಳೆ?”

“ಸಹಿ ಹಾಕಿದ್ರೆ ನಿನ್ನ ಹತ್ರ ಮಾತೇ ಬಿಡ್ತೀನಿ ಅಂದಿದ್ದಾಳೆ. ಎಲ್ಲರ ಹಾಗೆ ಓದ್ತೀನಿ ಅಂತಾಳೆ.”

“ಹಾಗಾದ್ರೆ ಸಹಿ ಹಾಕ್ಬೇಡಿ. ನನಗೆ ಬಿಡಿ.”

ಪರೀಕ್ಷೆ ನವೆಂಬರ್ ಎಂಟಕ್ಕೆ. ಅವತ್ತು ತರಗತಿಯಲ್ಲಿ ಎಂಟು ಸಾಲಿನ ಒಂದು ಪದ್ಯ ಓದಬೇಕು, ಅಷ್ಟೆ. ಓದದಿದ್ದರೆ ಅರ್ಜಿ ತಾನಾಗಿ ಮುಂದೆ ಹೋಗುತ್ತದೆ. ಅರ್ಜಿಯನ್ನು ನನ್ನ ಚೀಲದೊಳಗೆ, ಕವನ ಸಂಕಲನವೊಂದರ ಮಧ್ಯೆ ಇಟ್ಟುಕೊಂಡು ಬಂದೆ. ಪದ್ಯ ಗೊತ್ತಿರುವವರು ಈ ಶಾಲೆಯಲ್ಲಿ ನಾನೊಬ್ಬಳೇ. ಮೌನಕ್ಕೆ ಹೆದರದವಳೂ ನಾನೊಬ್ಬಳೇ.

ಸೆಪ್ಟೆಂಬರ್ 9, ಸೋಮವಾರ

ಒಂದೇ ವಾರಕ್ಕೆ ಶಾಲೆ ಸಂತರಿಂದ ತುಂಬಿಹೋಗಿದೆ. ಐದನೇ ತರಗತಿಯ ಮಹನೀಯನೊಬ್ಬ ಮನೆಯಿಂದ ಚೀಲದಲ್ಲಿ ಕಸ ತಂದು ಮೈದಾನದಲ್ಲಿ ಚೆಲ್ಲಿ, ಹೆಡ್ ಮೇಡಂ ಬರುವ ಹೊತ್ತಿಗೆ ಸರಿಯಾಗಿ ಆರಿಸುತ್ತಿದ್ದ. ಅವನಿಗೆ ಮೂರು ಚೀಟಿ. ಕಸದ ಜೊತೆಗೆ ಬಂದಿದ್ದ ಅವನ ಅಪ್ಪನ ಕನ್ನಡಕವೂ ಬುಟ್ಟಿ ಸೇರಿತಂತೆ.

ಲೆಕ್ಕದ ಮೇಷ್ಟ್ರು ಚೀಟಿಯನ್ನು ಹಂಚುವುದಿಲ್ಲ, ಎರಚುತ್ತಾರೆ. ಬಾಗಿಲಲ್ಲೇ ನಿಂತು ಮೊದಲ ಬೆಂಚಿನವನಿಗೆ ಕಟ್ಟು ಕೊಟ್ಟು “ಎಲ್ರಿಗೂ ಒಂದೊಂದು” ಎಂದು ಹೇಳಿ, ಬೋರ್ಡಿನ ಕಡೆ ತಿರುಗಿದರೆ ಮುಗಿಯಿತು. ಕಾರಣದ ಜಾಗ ಖಾಲಿ.

ನಾನು ಹಾಗೆ ಮಾಡಲಾರೆ. ಅಚ್ಚಿನ ತಪ್ಪನ್ನು ಮಗುವಿನ ಕೈಗೆ ಕೊಡುವುದು ಭಾಷೆ ಕಲಿಸುವವಳಿಗೆ ತರವಲ್ಲ. ಆದ್ದರಿಂದ ಕೊಡಲೇಬೇಕಾಗಿ ಬಂದಾಗ ಹಸಿರು ಶಾಯಿಯಲ್ಲಿ ಬ ಅಕ್ಷರದ ಹೊಟ್ಟೆ ಸೀಳಿ, ಕಾರಣ ಬರೆದು ಕೊಡುತ್ತೇನೆ. ವಾರದಲ್ಲಿ ಕೊಟ್ಟದ್ದು ನಾಲ್ಕು.

ಸೆಪ್ಟೆಂಬರ್ 17, ಮಂಗಳವಾರ

ಮಕ್ಕಳಲ್ಲಿ ಒಂದು ವಿನಿಮಯ ದರ ಹುಟ್ಟಿಕೊಂಡಿದೆ. ನನ್ನ ಒಂದು ‘ಸೀಳು ಚೀಟಿ’ಗೆ ಲೆಕ್ಕದ ಮೇಷ್ಟ್ರ ಆರು ಚೀಟಿ. ಇದನ್ನು ನನಗೆ ತಿಳಿಸಿದ್ದು ತರಗತಿಯಲ್ಲಿ ಎಲ್ಲರೂ ‘ಎರಡು ಜಡೆ’ ಎಂದು ಕರೆಯುವ ಹುಡುಗಿ. ಕಿಟಕಿಯವಳ ಬೆಂಚಿನವಳು, ಊರ ಸುದ್ದಿಯೆಲ್ಲ ಅವಳ ಜಡೆಯ ತುದಿಯಲ್ಲಿರುತ್ತದೆ.

“ನಿಮ್ಮದು ಸಿಗೋದೇ ಕಷ್ಟ ಮಿಸ್. ಮೇಷ್ಟ್ರದ್ದು ಮೂಗು ಸೀನಿದ್ರೂ ಸಿಗುತ್ತೆ.”

ಅಕ್ಕನಿಗೆ ಹೇಳಿದೆ. ಮೂವತ್ತು ವರ್ಷ ಆಸ್ಪತ್ರೆಯ ವಾರ್ಡಿನಲ್ಲಿ ದುಡಿದು ನಿವೃತ್ತಳಾದ ನನ್ನ ಅಕ್ಕನಿಗೆ ಈಗ ಮನೆಯಲ್ಲಿ ಸಿಗುವ ಒಬ್ಬಳೇ ರೋಗಿ ನಾನು.

“ಆರಕ್ಕೆ ಒಂದಾ?” ಎಂದಳು. “ನಿನ್ನ ಮುಖ ಯಾಕೆ ಇಷ್ಟು ಅರಳಿದೆ?”

“ನಾಚಿಕೆಗೇಡು ಅಂತ ಹೇಳ್ತಿದ್ದೀನಿ.”

“ಹೇಳು ಹೇಳು. ಇನ್ನೊಂದು ಸಲ ಹೇಳು, ಆರಕ್ಕೆ ಎಷ್ಟು ಅಂದೆ?”

ಅಕ್ಕನ ಜೊತೆ ಗಂಭೀರ ವಿಷಯ ಮಾತಾಡಬಾರದು.

ಸೆಪ್ಟೆಂಬರ್ 23, ಸೋಮವಾರ

ಕಿಟಕಿಯವಳು ಇಂದು ಓದಿದಳು!

ನಾನು ಎಬ್ಬಿಸಲಿಲ್ಲ. ತಾನೇ ಕೈ ಎತ್ತಿದಳು. ಕೆರೆಯ ಮೇಲೆ ಗಾಳಿ ಬರುವ ಪದ್ಯ, ಮೊದಲ ಎರಡು ಸಾಲು. ‘ಕೆರೆ’ಯ ಬಳಿ ಅಗುಳಿ ಬಿತ್ತು. ಇಂಥ ಹೊತ್ತಿನಲ್ಲಿ ಎರಡು ಜಡೆ ಪ್ರತಿಸಲ ಪಕ್ಕದಿಂದ ಪದವನ್ನು ಎತ್ತಿ ಅವಳ ಬಾಯಿಗಿಡುತ್ತಾಳೆ. ಇಂದು ಇಡಲಿಲ್ಲ. ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡು ಕೂತಳು. ಗಡಿಯಾರದ ಮುಳ್ಳು ಹತ್ತೊಂಬತ್ತು ಸಲ ಕುಪ್ಪಳಿಸಿತು. ಆಮೇಲೆ ಕೆರೆ ಬಂತು, ಇಡೀ ಕೆರೆ, ನೀರು ಸಮೇತ.

ಖುಷಿ ತಡೆಯಲಾಗಲಿಲ್ಲ. ಎರಡು ಜಡೆಗೆ ಒಂದು ಚೀಟಿ ಕೊಟ್ಟೆ. ಕಾರಣ: ‘ಗೆಳತಿಯ ಮಾತು ಮುಗಿಯುವವರೆಗೆ ಕಾದಿದ್ದಕ್ಕೆ.’

ಈ ಯೋಜನೆಯನ್ನು ಒಪ್ಪಿದೆನೆಂದು ಅರ್ಥವಲ್ಲ. ಕಸ ಎತ್ತಿದ್ದಕ್ಕೆ ಕೊಡುವುದು ಬೇರೆ, ಇದು ಬೇರೆ. ಮೂರ್ಖರ ಕೈಯಲ್ಲಿರುವ ಉಪಕರಣವನ್ನು ತಿಳಿದವರು ಹಿಡಿದರೆ ಅದರ ಕೆಲಸವೇ ಬೇರೆಯಾಗುತ್ತದೆ.

ಸೆಪ್ಟೆಂಬರ್ 27, ಶುಕ್ರವಾರ

ಏಳನೇ ತರಗತಿಯಲ್ಲಿ ಈಗ ಎಂಥ ಮೌನ! ಕಿಟಕಿಯವಳು ಬಾಯಿ ತೆರೆದರೆ ಮೂವತ್ತೆರಡು ಮಕ್ಕಳು ಉಸಿರು ಹಿಡಿದು ಅವಳ ಕಡೆಗೇ ತಿರುಗುತ್ತಾರೆ. ಇನ್ನೂ ಐದು ಚೀಟಿ ಕೊಟ್ಟೆ, ಎಲ್ಲವೂ ಕಾದಿದ್ದಕ್ಕೆ. ಎರಡು ಜಡೆಗೇ ಎರಡು ಹೋಯಿತು.

ಛಂದಸ್ಸಿನಲ್ಲಿ ಯತಿ ಎನ್ನುತ್ತಾರೆ. ಪದ್ಯದ ನಡುವೆ ಉಸಿರು ನಿಲ್ಲುವ ಜಾಗ. ಆ ಹುಡುಗಿಯ ತಡೆಗಳನ್ನು ಕೇಳುವಾಗ ನನಗೆ ಅದೇ ನೆನಪಾಗುತ್ತದೆ. ಬೇರೆಯವರಿಗೆ ಉಗ್ಗು, ನನಗೆ ಯತಿ. ಇದನ್ನು ಹೆಡ್ ಮೇಡಂಗೆ ವಿವರಿಸಲು ಹೋದರೆ “ಯಾರು ಯತಿ, ಯಾವ ಮಠ?” ಎಂದಾರು.

ಅವಳು ಇಂದು ಒಂದೇ ಸಾಲು ಓದಿ ಕೂತಳು. ಗಂಟಲು ನೋವಂತೆ.

ಅಕ್ಟೋಬರ್ 4, ಶುಕ್ರವಾರ

ಹೆಡ್ ಮೇಡಂ ನನ್ನ ಚೀಟಿಗಳ ಬಗ್ಗೆ ಕೇಳಿ ತರಗತಿಯ ಬಾಗಿಲಿಗೇ ಓಡಿ ಬಂದರು. ಕಣ್ಣಲ್ಲಿ ನೀರು. ಈ ಹೆಂಗಸಿನ ಕಣ್ಣೀರು ನಲ್ಲಿಯ ಹಾಗೆ, ಯಾರು ತಿರುಗಿಸಿದರೂ ಬರುತ್ತದೆ.

“ಕಾಯೋದಕ್ಕೆ ಚೀಟಿ! ಇದು ನನಗೆ ಹೊಳೀಲೇ ಇಲ್ವಲ್ಲ ಮೇಡಂ! ಸೋಮವಾರ ಪ್ರಾರ್ಥನೇಲಿ ಹೇಳ್ತೀನಿ. ನಿಮ್ಮ ಫೋಟೋ ಬೇಕು.”

ಬೇಡವೆಂದೆ. ಎರಡು ಸಲ ಬೇಡವೆಂದೆ. ಕೊನೆಗೆ ಕಿರಿಕಿರಿ ತಾಳದೆ ನಿಂತುಕೊಂಡೆ. ಮೊದಲ ಫೋಟೋದಲ್ಲಿ ಕಣ್ಣು ಮುಚ್ಚಿತ್ತು, ಇನ್ನೊಂದು ತೆಗೆಯಿರಿ ಎಂದೆ. ಅದರಲ್ಲಿ ಕೂದಲು ಸರಿ ಇರಲಿಲ್ಲ. ಮೂರನೆಯದು ಆಗಬಹುದು.

ಅಕ್ಟೋಬರ್ 7, ಸೋಮವಾರ

ಪ್ರಾರ್ಥನೆಯಲ್ಲಿ ಹೆಡ್ ಮೇಡಂ ಆಡಿದ ಮಾತನ್ನು ಕೆಟ್ಟ ಗದ್ಯಕ್ಕೆ ಮಾದರಿಯಾಗಿ ಇಲ್ಲಿ ಪೂರ್ತಿ ಬರೆದಿಡುತ್ತೇನೆ:

“ನಮ್ಮ ಏಳನೇ ಕ್ಲಾಸಲ್ಲಿ ಮಾತು ಬರೋಕೆ ಕಷ್ಟ ಪಡೋ ಒಂದು ಪುಟ್ಟ ಹೃದಯ ಇದೆ. ಆ ಹೃದಯಕ್ಕೋಸ್ಕರ ಮೂವತ್ತೆರಡು ಹೃದಯಗಳು ಕಾಯ್ತಿವೆ! ಇದಕ್ಕೆ ಕಾರಣ ಒಬ್ಬ ಶಿಕ್ಷಕಿ. ಅವರ ತಾಳ್ಮೆ ಒಂದು ದೀಪ, ಆ ದೀಪದಿಂದ ಮೂವತ್ತೆರಡು ದೀಪ ಹಚ್ಚಿದ್ದಾರೆ! ಜೋರಾಗಿ ಚಪ್ಪಾಳೆ!”

ಹೃದಯಕ್ಕೆ ಮಾತು ಬರುವುದು ಕಷ್ಟವಂತೆ! ದೀಪ, ಹೃದಯ, ಚಪ್ಪಾಳೆ, ಎಲ್ಲ ಒಂದೇ ಬುಟ್ಟಿಯಲ್ಲಿ. ‘ಅವರ ತಾಳ್ಮೆ ಒಂದು ದೀಪ’ ಎಂಬುದನ್ನು ಮಾತ್ರ ಬೇರೆ ಯಾರಾದರೂ ಬರೆದಿದ್ದರೆ ಓದಬಹುದಿತ್ತೇನೋ.

ಚಪ್ಪಾಳೆ ಜೋರಾಗಿತ್ತು. ಇಡೀ ಶಾಲೆ ಕತ್ತು ಹೊರಳಿಸಿ ‘ಪುಟ್ಟ ಹೃದಯ’ವನ್ನು ಹುಡುಕಿತು. ಅವಳು ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿದ್ದಳು. ಬಹಳ ಹೊತ್ತು ಕಟ್ಟಿದಳು.

ಕಾರಿಡಾರಿನ ಗೋಡೆಯಲ್ಲಿ ನನ್ನ ಫೋಟೋ ನೀರಿನ ಟ್ಯಾಂಕಿಗೆ ಎದುರಾಗಿದೆ. ಬೆಳಕು ಚೆನ್ನಾಗಿದೆ.

ಅಕ್ಟೋಬರ್ 9, ಬುಧವಾರ

ಕಿಟಕಿಯವಳು ಓದಲಿಲ್ಲ. ಕರೆದರೆ ತಲೆ ಅಲ್ಲಾಡಿಸಿದಳು. ಕಾದೆವು. ಎಲ್ಲರೂ ಕಾದರು, ಬಹಳ ಚೆನ್ನಾಗಿ ಕಾದರು. ಗಂಟೆ ಹೊಡೆಯಿತು.

ಅಕ್ಟೋಬರ್ 14, ಸೋಮವಾರ

ಇಂದು ಹಾಜರಿ ಕೂಗಿದಾಗಲೂ ಅವಳು ಉತ್ತರಿಸಲಿಲ್ಲ. ಕೈ ಎತ್ತಿದಳು, ಅಷ್ಟೆ.

ಮಧ್ಯಾಹ್ನ ಸ್ಟಾಫ್ ರೂಮಿನ ಕಿಟಕಿಯಿಂದ ಮೈದಾನ ನೋಡುತ್ತಿದ್ದೆ. ಅವಳು ಗೋಡೆಗೆ ಒರಗಿ ಊಟದ ಡಬ್ಬಿ ತೆರೆದಿದ್ದಳು. ಸುತ್ತ ಏಳೆಂಟು ಮಕ್ಕಳು. ಜೊತೆಗೆ ಕೂತು ತಿನ್ನುತ್ತಿದ್ದಾರೆಂದುಕೊಂಡೆ. ಇಲ್ಲ. ನಿಂತಿದ್ದರು.

“ಏನಾದ್ರೂ ಹೇಳೇ.”

“ನೀರು ಬೇಕಾ? ಬೇಕು ಅಂತ ಹೇಳು. ನಾವು ಕಾಯ್ತೀವಿ.”

“ನಾನು ಮೊದ್ಲು ಬಂದಿದ್ದು ಕಣೋ, ನೀನು ಆಮೇಲೆ ಕಾಯಿ.”

“ಮಿಸ್ ಅಲ್ಲೇ ನೋಡ್ತಿದ್ದಾರೆ, ಬೇಗ ಹೇಳೇ!”

ಅವಳು ಡಬ್ಬಿ ಮುಚ್ಚಿ ಎದ್ದು ಹೋದಳು. ಎಂಟೂ ಮುಖಗಳು ಕಿಟಕಿಯ ಕಡೆಗೆ, ನನ್ನ ಕಡೆಗೆ, ತಿರುಗಿ ನಿಂತವು. ಕಾದವರ ಮುಖಗಳು.

ಹೆಡ್ ಮೇಡಂ ಪ್ರಾರ್ಥನೆಯಲ್ಲಿ ಬಾಯಿ ಬಿಡದೆ ಇದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಆ ಹೆಂಗಸು ಮುಟ್ಟಿದ್ದೆಲ್ಲ ಮಣ್ಣು.

ಅಕ್ಟೋಬರ್ 16, ಬುಧವಾರ

ತಿದ್ದಲು ತಂದ ಪುಸ್ತಕಗಳಲ್ಲಿ ಕಿಟಕಿಯವಳದೂ ಇತ್ತು. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ, ಒಂದು ಕಾಗುಣಿತದ ತಪ್ಪೂ ಇಲ್ಲದೆ ಬರೆದಿದ್ದಳು:

‘ಮಿಸ್, ಕಾದಿದ್ದಕ್ಕೆ ಎರಡು ಜಡೆಗೆ ಏಳು ಚೀಟಿ ಬಂದಿದೆ. ಒಟ್ಟು ಕ್ಲಾಸಿಗೆ ಇಪ್ಪತ್ತಾರು. ಮಾತಾಡಿದ್ದು ನಾನು. ಕಾಯೋದು ಅಷ್ಟು ಕಷ್ಟನಾ?’

ಏನು ಬರೆಯಲಿ? ‘ನಿನ್ನ ಮಾತಿಗೆ ಚೀಟಿಯ ಬೆಲೆ ಸಾಲದು’ ಎಂದು ಬರೆದೆ. ಅಳಿಸಿದೆ. ಪುಟ ಹರಿದಂತಾಯಿತು, ಅಷ್ಟು ಉಜ್ಜಿದೆ. ಕೊನೆಗೆ ಸಹಿ ಮಾತ್ರ ಹಾಕಿ ಇಟ್ಟಿದ್ದೇನೆ, ತಿದ್ದಿದ್ದೇನೆ ಎಂಬಂತೆ.

ಅಕ್ಟೋಬರ್ 17, ಗುರುವಾರ

ಅವಳಿಗೂ ಒಂದು ಚೀಟಿ ಕೊಟ್ಟೆ. ಹಸಿರು ಶಾಯಿ, ಕಾರಣ: ‘ಧೈರ್ಯಕ್ಕೆ.’ ಪುಸ್ತಕದೊಳಗೆ ಸೇರಿಸಿ ಕೊಟ್ಟೆ, ಯಾರಿಗೂ ಕಾಣದಂತೆ. ಸಂಜೆ ಅದು ನನ್ನ ಮೇಜಿನ ಮೇಲೆ, ಡಸ್ಟರಿನ ಕೆಳಗೆ ಇತ್ತು. ಮಡಿಸಿಯೂ ಇರಲಿಲ್ಲ.

ಅಕ್ಕನಿಗೆ ಎಲ್ಲ ಹೇಳಿದೆ. ತರಕಾರಿ ಹೆಚ್ಚುತ್ತಾ ಕೇಳಿಸಿಕೊಂಡಳು.

“ವಾರ್ಡಲ್ಲಿ ಒಬ್ಬ ಇದ್ದ. ಬಿದ್ದು ಕಾಲು ಮುರ್ಕೊಂಡು, ಮತ್ತೆ ನಡೆಯೋದು ಕಲೀತಿದ್ದ. ನಾವು ನರ್ಸುಗಳೆಲ್ಲ ಸಾಲಾಗಿ ನಿಂತು ‘ಬಾ, ಬಾ, ಭಲೇ’ ಅಂತಿದ್ವಿ. ಒಂದು ದಿನ ಅವನು ‘ಅಮ್ಮಾ, ನೀವೆಲ್ಲ ಊಟಕ್ಕೆ ಹೋಗಿ, ನಾನು ಕಕ್ಕಸಿಗೆ ಹೋಗ್ಬೇಕು’ ಅಂದ.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ನಿನಗೆ ಪದ್ಯ ಅರ್ಥ ಆಗುತ್ತೆ. ನಾನು ಹೇಳಿದ್ದು ಗದ್ಯ, ಬಿಡು,” ಎಂದಳು.

ಅಕ್ಟೋಬರ್ 22, ಮಂಗಳವಾರ

ಹೆಡ್ ಮೇಡಂ ಕೋಣೆಗೆ ಹೋಗಿ ಚೀಟಿ ನಿಲ್ಲಿಸಿ ಎಂದೆ.

“ನಿಲ್ಲಿಸೋದಾ? ನಿಮ್ಮದೇ ಐಡಿಯಾ ಮೇಡಂ! ತಾಳ್ಮೆ ಚೀಟಿ ಅಂತ ಬೇರೇನೇ ಅಚ್ಚು ಹಾಕಿಸ್ತಿದ್ದೀನಿ, ನೀಲಿ ಬಣ್ಣ. ಈ ಸಲ ಭೇಷ್ ಸರಿಯಾಗಿದೆ, ನಾನೇ ನೋಡ್ದೆ.”

“ಆ ಹುಡುಗಿ ಮಾತೇ ಬಿಟ್ಟಿದ್ದಾಳೆ.”

“ಅದಕ್ಕೇ ಹೇಳ್ದೆ ಅವತ್ತೇ, ವಿನಾಯಿತಿ ಕೊಡೋಣ ಅಂತ. ಪಾಪ.”

ಹೊರಗೆ ಅವಳ ತಾಯಿ ಬೆಂಚಿನ ಮೇಲೆ ಕೂತಿದ್ದರು. ಎದ್ದು ನಿಂತರು. “ಮನೇಲೂ ಮಾತು ಕಡಿಮೆ ಮಾಡಿದ್ದಾಳೆ ಮಿಸ್. ನಾನೇನಾದ್ರೂ ಕೇಳಿದ್ರೆ, ‘ನೀನೂ ಕಾಯ್ತಿದ್ದೀಯಾ?’ ಅಂತ ನನ್ನೇ ಗುರಾಯಿಸ್ತಾಳೆ. ಆ ಕಾಗದ ಕೊಡಿ. ಸಹಿ ಹಾಕ್ಬಿಡ್ತೀನಿ.”

“ಎಂಟನೇ ತಾರೀಖಿನ ತನಕ ತಡೀರಿ,” ಎಂದೆ.

“ನಿಮ್ಮನ್ನ ನಂಬಿ ಬಿಟ್ಟಿದ್ದೆ,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಮೂರ್ಖರ ಬಗ್ಗೆ ಬರೆಯಲು ಇವತ್ತು ಬೇಕಾದಷ್ಟಿತ್ತು. ಬರೆಯುವ ಮನಸ್ಸಿಲ್ಲ.

ಅಕ್ಟೋಬರ್ 29, ಮಂಗಳವಾರ

ಮೂರನೇ ಪೀರಿಯಡ್ಡಿನಲ್ಲಿ ಕಾರಿಡಾರಿನಲ್ಲಿ ಬರುತ್ತಿದ್ದೆ. ಏಳನೇ ತರಗತಿಯಿಂದ ಎಂದಿನಂತೆ ಸಂತೆಯ ಗದ್ದಲ. ಲೆಕ್ಕದ ಮೇಷ್ಟ್ರ ಪಾಠವೆಂದರೆ ಹಾಗೆಯೇ. ಯಾರೋ ಪೆನ್ಸಿಲ್ ಕೆತ್ತುತ್ತಿದ್ದಾರೆ, ಯಾರೋ ಜಗಳ, ಇವರು ಬೋರ್ಡಿಗೆ ಮೂಗು ತಾಗಿಸಿಕೊಂಡು ಬರೆಯುತ್ತಿದ್ದಾರೆ. ತಾತ್ಸಾರದಿಂದಲೇ ಒಳಗೆ ಇಣುಕಿದೆ.

ಕಿಟಕಿಯವಳು ಎದ್ದು ನಿಂತು ಲೆಕ್ಕದ ಹಂತಗಳನ್ನು ಹೇಳುತ್ತಿದ್ದಳು.

“ಆಮೇಲೆ ಪ-ಪ-ಪಕ್ಕದ ಬಾಹು…”

“ಹೂಂ, ಮುಂದೆ,” ಎಂದರು ಮೇಷ್ಟ್ರು, ತಿರುಗದೆ. ಸೀಮೆಸುಣ್ಣ ಮುರಿಯಿತು, ಬಗ್ಗಿ ಹುಡುಕಿದರು. ಅವಳು ತಡೆದದ್ದು, ಬಿಟ್ಟದ್ದು, ಮತ್ತೆ ಹಿಡಿದದ್ದು ಯಾವುದೂ ಆ ಮನುಷ್ಯನಿಗೆ ಗೊತ್ತಾಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಅವಳು ಉತ್ತರ ಹೇಳಿ, ಕೂತು, ಎರಡು ಜಡೆಯ ಕೈಯಿಂದ ರಬ್ಬರ್ ಕಿತ್ತುಕೊಂಡಳು.

ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ. ಅವಳು ಬಾಗಿಲ ಕಡೆ ನೋಡಿದಳು. ನನ್ನನ್ನು ಕಂಡಕೂಡಲೇ ಬಾಯಿ ಬಿಗಿದುಕೊಂಡಳು.

ನನ್ನನ್ನು ಕಂಡಕೂಡಲೇ.

ಅಕ್ಟೋಬರ್ 30, ಬುಧವಾರ

ಚಹಾದ ಹೊತ್ತಿನಲ್ಲಿ ಮೇಷ್ಟ್ರ ಪಕ್ಕ ಹೋಗಿ ಕೂತೆ. ಆರು ವರ್ಷದಲ್ಲಿ ಇದೇ ಮೊದಲು. ಅವರು ಗಾಬರಿಯಿಂದ ಬಿಸ್ಕತ್ತಿನ ಪೊಟ್ಟಣ ನನ್ನ ಕಡೆಗೆ ತಳ್ಳಿದರು.

“ಆ ಕಿಟಕಿ ಹುಡುಗಿ ನಿಮ್ಮ ಕ್ಲಾಸಲ್ಲಿ ಮಾತಾಡ್ತಾಳಲ್ಲ, ಏನು ಮಾಡ್ತೀರಿ ನೀವು?”

“ಯಾವ ಹುಡುಗಿ?”

“ಉಗ್ಗುತ್ತಾಳಲ್ಲ.”

“ಹೌದಾ?” ಎಂದರು. ನಿಜವಾಗಿ ಗೊತ್ತಿರಲಿಲ್ಲ. “ನನಗೆ ಎಡಗಿವಿ ಸ್ವಲ್ಪ ಮಂದ ನೋಡಿ. ಉತ್ತರ ಸರಿ ಇದ್ರೆ ಬರ್ಕೋತೀನಿ.”

ಇಂಥವರನ್ನು ಶಿಕ್ಷಕರೆನ್ನುತ್ತಾರೆ! ಬಿಸ್ಕತ್ತು ಮೆತ್ತಗಾಗಿತ್ತು. ಎರಡು ತಿಂದೆ.

ನವೆಂಬರ್ 5, ಮಂಗಳವಾರ

ನಿನ್ನೆಯಿಂದ ಏಳನೇ ತರಗತಿಯಲ್ಲಿ ಪದ್ಯ ಓದುವಾಗ ಮೌನ ಬೇಡವೆಂದಿದ್ದೇನೆ. ನನ್ನ ಬಾಯಿಂದ ಈ ಮಾತು! ಹಳೆಯ ಪುಸ್ತಕಗಳಿಗೆ ಹೊದಿಕೆ ಹಾಕುವ ಕೆಲಸ ಹಚ್ಚಿದೆ. ಕತ್ತರಿ, ಅಂಟು, ಕಾಗದ, ಕಿತ್ತಾಟ. ಒಬ್ಬೊಬ್ಬರೇ ಕೂತಲ್ಲೇ ಎದ್ದು ಓದುವುದು. ನಾನು ಕಪಾಟಿನ ಕಡೆ ತಿರುಗಿ ಧೂಳು ಹೊಡೆಯುವುದು.

“ಯಾರಿಗೆ ಓದೋದು ಮಿಸ್?”

“ಪುಸ್ತಕಕ್ಕೆ.”

“ಕಾದ್ರೆ ಚೀಟಿ ಇಲ್ವಾ?” ಎಂದಳು ಎರಡು ಜಡೆ.

“ಇಲ್ಲ. ಕಾಯಲೂಬೇಡ. ನಿನ್ನ ಕೆಲಸ ನೋಡ್ಕೋ.”

ಅವಳಿಗೆ ನಲವತ್ತೇಳು ಆಗಿತ್ತಂತೆ. ಇನ್ನು ಮೂರಕ್ಕೆ ಗೋಡೆ ಏರುತ್ತಿದ್ದಳು. ಅತ್ತಳು. ಅವಳನ್ನೂ ನಾನೇ ಅಳಿಸಿದ ಹಾಗಾಯಿತು. ಅವಳು ಮೊದಲ ದಿನ ಬಾಯಿ ಮುಚ್ಚಿ ಕೂತದ್ದು ಚೀಟಿಗಲ್ಲವಲ್ಲ.

ಕಿಟಕಿಯವಳ ಸರದಿ ಬಂದಾಗ ಏನೂ ಕೇಳಿಸಲಿಲ್ಲ. ತಿರುಗಬೇಕೆನಿಸಿತು. ಕತ್ತಿನ ನರವೇ ತಿರುಗಲು ಹೊರಟಿತ್ತು. ಕಪಾಟಿನ ಬಾಗಿಲ ಗಾಜಿನಲ್ಲಿ ಅವಳ ನೆರಳು ಕಾಣುತ್ತಿತ್ತು. ನನ್ನ ನೆರಳು ಅವಳಿಗೂ ಕಾಣುತ್ತದೆ ಎಂದು ಆಮೇಲೆ ಹೊಳೆಯಿತು. ಬಾಗಿಲು ತೆರೆದಿಟ್ಟೆ.

ಇಂದೂ ಇಲ್ಲ.

ನವೆಂಬರ್ 6, ಬುಧವಾರ

ಇಲ್ಲ.

ಅವಳ ಉಗ್ಗನ್ನು ಯತಿ ಎಂದು ಬರೆದ ಪುಟ ಓದಿದೆ. ಎಂಥ ಅಹಂಕಾರಿ ಹೆಂಗಸು.

ನವೆಂಬರ್ 8, ಶುಕ್ರವಾರ

ಪರೀಕ್ಷೆ ಹನ್ನೊಂದು ಗಂಟೆಗೆ. ಹತ್ತೂವರೆಗೇ ಹೆಡ್ ಮೇಡಂ ಮೊಬೈಲ್ ಹಿಡಿದು ಬಾಗಿಲಲ್ಲಿ ನಿಂತಿದ್ದರು.

“ವಿಡಿಯೋ ಮಾಡ್ಕೋತೀನಿ ಮೇಡಂ. ಅವಳು ತಡವರಿಸೋದು, ಇವರೆಲ್ಲ ಕಾಯೋದು. ಓದದಿದ್ರೂ ಪರವಾಗಿಲ್ಲ, ಕಾಯೋದು ಸಿಕ್ರೆ ಸಾಕು.”

ನಾನು ಬಾಗಿಲು ಹಾಕಿದೆ. ಒಳಗಿನಿಂದ ಚಿಲಕವನ್ನೂ ಹಾಕಿದೆ. ಹೊರಗಿನಿಂದ ಎರಡು ಸಲ “ಮೇಡಂ?” ಎಂದದ್ದು ಕೇಳಿಸಿತು.

ಮಕ್ಕಳ ಹೊದಿಕೆ ಕೆಲಸ ಮುಗಿದಿರಲಿಲ್ಲ. ಅದನ್ನೇ ಮುಂದುವರಿಸಿ ಎಂದೆ. ಅಂಕಪಟ್ಟಿಯನ್ನು ಕಪಾಟಿನ ಅರೆಯ ಮೇಲಿಟ್ಟುಕೊಂಡು, ಬೆನ್ನು ಹಾಕಿ ನಿಂತು ಒಬ್ಬೊಬ್ಬರ ಹೆಸರನ್ನೇ ಕರೆದೆ. ಇಪ್ಪತ್ತು ಮಕ್ಕಳು ಓದಿದರು. ಅಂಟಿನ ಡಬ್ಬಿ ಉರುಳಿತು, ಬೈದಾಟವಾಯಿತು, ಒಬ್ಬನ ಬೆರಳು ಹೊದಿಕೆಗೇ ಅಂಟಿಕೊಂಡಿತು.

ಇಪ್ಪತ್ತೊಂದನೆಯ ಹೆಸರು ಅವಳದು. ಅದನ್ನೂ ಉಳಿದವುಗಳ ಹಾಗೆಯೇ ಕರೆದೆ, ಅಥವಾ ಹಾಗೆಂದುಕೊಂಡೆ. ಒಂದು ನಿಘಂಟು ತೆಗೆದು ಒರೆಸಿದೆ, ಇಟ್ಟೆ. ಮತ್ತೆ ಅದನ್ನೇ ತೆಗೆದು ಒರೆಸಿದೆ.

ಬೆಂಚು ಹಿಂದೆ ಸರಿದ ಸದ್ದಾಯಿತು.

“ಕ-ಕ-ಕ…”

ನಾನು ಮುಂದಿನ ಪುಸ್ತಕ ತೆಗೆದೆ. ಹಿಂದೆ ಯಾರೋ ಕಾಗದ ಹರಿದರು. ಯಾರೋ ನಕ್ಕರು, ಬೇರೆ ಯಾವುದಕ್ಕೋ.

“…ಕೆರೆಯ ಮೇಲೆ ಗಾಳಿ ಬಂತು,” ಎಂದಳು.

ಎರಡನೆಯ ಸಾಲು ಬಂತು. ಮೂರನೆಯದರ ನಡುವೆ ಎರಡು ಜಡೆ ಎತ್ತರದ ದನಿಯಲ್ಲಿ, “ನನ್ನ ಕತ್ತರಿ ಯಾರು ತಗೊಂಡ್ರಿ?” ಎಂದು ಕೂಗಿದಳು.

“ನ-ನನ್ನ ಬ್ಯಾಗಲ್ಲಿದೆ ತ-ತಗೊಳ್ಳೇ,” ಎಂದಳು ಕಿಟಕಿಯವಳು. ಅದೇ ಉಸಿರಿನಲ್ಲಿ ಪದ್ಯಕ್ಕೆ ಮರಳಿದಳು.

ಎಂಟೂ ಸಾಲು ಓದಿದಳು. ಆರನೆಯ ಸಾಲಿನಲ್ಲಿ ಬಹಳ ಹೊತ್ತು ಹಿಡಿಯಿತು. ಎಷ್ಟೆಂದು ನನಗೆ ಗೊತ್ತಿಲ್ಲ, ಗಡಿಯಾರ ನನ್ನ ಹಿಂದಿತ್ತು. ಕೂತ ಸದ್ದು ಕೇಳಿದ ಮೇಲೆ ಇಪ್ಪತ್ತೆರಡನೆಯ ಹೆಸರು ಕರೆದೆ. ನನ್ನ ದನಿ ಸರಿ ಬರಲಿಲ್ಲ. ಕೆಮ್ಮಿ ಇನ್ನೊಂದು ಸಲ ಕರೆದೆ.

ಅಂಕಪಟ್ಟಿಯಲ್ಲಿ ಸ್ಪಷ್ಟತೆ, ಓಟ, ಭಾವ ಎಂದು ಮೂರು ಮನೆಗಳಿವೆ. ಅವಳ ಸಾಲಿನಲ್ಲಿ ಮೂರನ್ನೂ ಸೇರಿಸಿ ‘ಓದಿದಳು’ ಎಂದು ಬರೆದೆ. ಅರ್ಜಿಯನ್ನು ಅವಳ ತಾಯಿಗೆ ಗೇಟಿನ ಬಳಿ ಕೊಟ್ಟೆ, ಸಹಿಯಿಲ್ಲದ್ದನ್ನು. ಅವರು ಅದನ್ನು ನಾಲ್ಕು ಮಡಿಕೆ ಮಾಡಿ, ಸೂಜಿ ಚುಚ್ಚಿಡಲು ಆಗುತ್ತೆ ಎಂದರು.

ಪಟ್ಟಿ ಒಪ್ಪಿಸಲು ಹೋದಾಗ ಹೆಡ್ ಮೇಡಂ ಮುಖ ಊದಿತ್ತು. ಆದರೂ ತಡೆಯಲಾಗದೆ ಕೇಳಿದರು.

“ಓದಿದ್ಲಾ?”

“ಹೂಂ.”

“ಎಲ್ರೂ ಚೆನ್ನಾಗಿ ಕಾದ್ರಾ?”

“ಇಲ್ಲ,” ಎಂದೆ. “ಯಾರೂ ಕಾಯಲಿಲ್ಲ.”

“ಛೇ, ಪಾಪ,” ಎಂದರು.

ನಾನು ತಿದ್ದಲು ಹೋಗಲಿಲ್ಲ.